ಸಸ್ಯಮೂಲ ಆಂಟಿಆಕ್ಸಿಡೆಂಟ್ ಪೂರಕಗಳು: ಲಾಭ ಮತ್ತು ಅಪಾಯವನ್ನು ತೂಗಿ ನೋಡುವ ಕ್ರಮ

ಹಸಿರು ಚಹಾದ ಸಾರ, ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ದ್ರಾಕ್ಷಿ ಬೀಜದ ಸಾರ, ರೆಸ್ವೆರಟ್ರಾಲ್, ಕ್ವೆರ್ಸೆಟಿನ್, ಲೈಕೊಪೀನ್, ಲ್ಯೂಟೀನ್, ಬೀಟಾ ಕ್ಯಾರೊಟಿನ್ ಮುಂತಾದವು ಈಗ ಮಾತ್ರೆ, ಕ್ಯಾಪ್ಸೂಲ್ ಮತ್ತು ಪುಡಿಯ ರೂಪದಲ್ಲಿ ವೈದ್ಯರ ಚೀಟಿಯಿಲ್ಲದೆಯೇ ದೊರೆಯುತ್ತವೆ. ಡಬ್ಬಿಯ ಮೇಲೆ ಇವೆಲ್ಲಕ್ಕೂ ಆಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದ ಕ್ರಿಯೆಯಿಂದ ಜೀವಕೋಶಗಳಿಗಾಗುವ ಹಾನಿಯನ್ನು ತಡೆಯುವ ವಸ್ತು, ಎಂಬ ಒಂದೇ ಹಣೆಪಟ್ಟಿ ಇರುತ್ತದೆ. ಆದರೆ ರಸಾಯನಶಾಸ್ತ್ರದ ದೃಷ್ಟಿಯಿಂದ ಇವು ಹಲವು ಬೇರೆ ಬೇರೆ ಗುಂಪುಗಳಿಗೆ ಸೇರಿದ ವಸ್ತುಗಳು. ಕರುಳಿನಲ್ಲಿ ಹೀರಲ್ಪಡುವ ಪ್ರಮಾಣ, ದೇಹದೊಳಗೆ ಮಾಡುವ ಕೆಲಸ, ತರಬಹುದಾದ ತೊಂದರೆ ಯಾವುದರಲ್ಲಿಯೂ ಇವು ಒಂದೇ ರೀತಿ ಇಲ್ಲ. ಆದ್ದರಿಂದ ‘ಆಂಟಿಆಕ್ಸಿಡೆಂಟ್ ಮಾತ್ರೆ ಒಳ್ಳೆಯದೇ?’ ಎಂಬ ಪ್ರಶ್ನೆಗೆ ಉಪಯೋಗಕ್ಕೆ ಬರುವ ಉತ್ತರವಿಲ್ಲ. ಯಾವ ವಸ್ತು, ದಿನಕ್ಕೆ ಎಷ್ಟು, ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂದು ಬಿಡಿಸಿ ಕೇಳಿದಾಗ ಮಾತ್ರ ಲಾಭವನ್ನೂ ಅಪಾಯವನ್ನೂ ತೂಗಲು ಸಾಧ್ಯವಾಗುತ್ತದೆ.

ದೇಹಕ್ಕೆ ತನ್ನದೇ ವ್ಯವಸ್ಥೆ ಇದೆ

ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವಾಗ, ಮುಖ್ಯವಾಗಿ ಅವುಗಳ ಮೈಟೊಕಾಂಡ್ರಿಯಗಳಲ್ಲಿ, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊಂದಿದ ಫ್ರೀ ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ಇವು ಸುತ್ತಲಿನ ಕೊಬ್ಬು, ಪ್ರೋಟೀನ್ ಮತ್ತು ಡಿಎನ್‌ಎ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅವುಗಳಿಗೆ ಹಾನಿ ಮಾಡಬಲ್ಲವು. ಮುಪ್ಪಿಗೆ ಈ ಹಾನಿಯೇ ಕಾರಣವೆಂಬ ವಾದವನ್ನು ಡೆನ್‌ಹ್ಯಾಮ್ ಹಾರ್ಮನ್ ಅವರು 1956ರಲ್ಲಿ ಮುಂದಿಟ್ಟರು. ಪೂರಕಗಳ ಜಾಹೀರಾತು ಇಂದಿಗೂ ಬಹುಮಟ್ಟಿಗೆ ಆ ವಾದದ ಸರಳ ರೂಪವನ್ನೇ ನೆಚ್ಚಿಕೊಂಡಿದೆ: ಫ್ರೀ ರ್‍ಯಾಡಿಕಲ್ ಕೆಟ್ಟದ್ದು, ಅದನ್ನು ತಣಿಸುವುದೆಲ್ಲ ಒಳ್ಳೆಯದು.

ನಂತರದ ಸಂಶೋಧನೆ ಈ ಚಿತ್ರವನ್ನು ಸಾಕಷ್ಟು ತಿದ್ದಿದೆ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಇದೇ ಕ್ರಿಯಾಶೀಲ ಆಮ್ಲಜನಕದ ಅಣುಗಳನ್ನು ಬಳಸುತ್ತವೆ. ಜೀವಕೋಶಗಳು ಪರಸ್ಪರ ಸಂಕೇತ ಕಳುಹಿಸುವುದರಲ್ಲಿಯೂ ಅವುಗಳಿಗೆ ಪಾತ್ರವಿದೆ. ಹಾನಿಯನ್ನು ಮಿತಿಯಲ್ಲಿಡಲು ದೇಹವು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಎಂಬ ಕಿಣ್ವಗಳನ್ನೂ ಗ್ಲುಟಾಥಯೋನ್ ಎಂಬ ಅಣುವನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಹಸಿರು ಚಹಾ, ಅರಿಶಿನ, ದ್ರಾಕ್ಷಿ ಬೀಜ ಮುಂತಾದವುಗಳಲ್ಲಿರುವ ಪಾಲಿಫಿನಾಲ್ ಎಂಬ ಗುಂಪಿನ ವಸ್ತುಗಳು ಹೀರಲ್ಪಡುವುದು ಬಹಳ ಕಡಿಮೆ. ಹೀರಲ್ಪಟ್ಟದ್ದನ್ನು ಸಹ ಕರುಳಿನ ಗೋಡೆ ಮತ್ತು ಯಕೃತ್ತು ಬೇಗನೆ ಬೇರೆ ರೂಪಕ್ಕೆ ತಿರುಗಿಸುತ್ತವೆ. ಹೀಗಾಗಿ ಅವು ರಕ್ತದಲ್ಲಿ ನೇರವಾಗಿ ಫ್ರೀ ರ್‍ಯಾಡಿಕಲ್‌ಗಳನ್ನು ತಣಿಸುತ್ತವೆ ಎನ್ನುವುದಕ್ಕಿಂತ, ಸೌಮ್ಯವಾದ ಒತ್ತಡವನ್ನು ಉಂಟುಮಾಡಿ ದೇಹದ ಸ್ವಂತ ರಕ್ಷಣಾ ಕಿಣ್ವಗಳ ಉತ್ಪಾದನೆಯನ್ನು ಪ್ರಚೋದಿಸುತ್ತವೆ ಎಂಬ ವಿವರಣೆಯೇ ಈಗ ಹೆಚ್ಚು ಒಪ್ಪಿತವಾಗಿದೆ. ಸೌಮ್ಯ ಒತ್ತಡದಿಂದ ಒಳಿತಾಗುತ್ತದೆ ಎಂಬ ವಿವರಣೆ ಸರಿಯಾದರೆ, ಅದೇ ವಸ್ತುವನ್ನು ಅತಿಯಾಗಿ ಕೊಟ್ಟಾಗ ಕೆಡುಕಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದರಿಂದ ಕೊಳ್ಳುವವರಿಗೆ ದೊರೆಯುವ ಮೊದಲ ಸೂಚನೆ ಇದು. ಪ್ರಯೋಗಾಲಯದ ಕೊಳವೆಯಲ್ಲಿ ಅಳೆದ ‘ಆಂಟಿಆಕ್ಸಿಡೆಂಟ್ ಸಾಮರ್ಥ್ಯ’ದ ಅಂಕಿಗಳನ್ನು ನಂಬಿ ಏನನ್ನೂ ಆರಿಸಬಾರದು. ಓರಾಕ್ ಎಂಬ ಹೆಸರಿನ ಇಂತಹ ಅಂಕಗಳ ಪಟ್ಟಿಯನ್ನು ಒಮ್ಮೆ ಪ್ರಕಟಿಸಿದ್ದ ಅಮೆರಿಕದ ಕೃಷಿ ಇಲಾಖೆಯೇ, ಆ ಅಂಕಗಳಿಗೂ ಮಾನವ ದೇಹದ ಮೇಲಿನ ಪರಿಣಾಮಕ್ಕೂ ಸಂಬಂಧ ತೋರಿಸಲಾಗುವುದಿಲ್ಲ ಮತ್ತು ಅವುಗಳ ದುರ್ಬಳಕೆಯಾಗುತ್ತಿದೆ ಎಂಬ ಕಾರಣಕ್ಕೆ 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಡಬ್ಬಿಯ ಮೇಲೆ ಈಗಲೂ ಅಂತಹ ಅಂಕಿ ಕಂಡುಬಂದರೆ, ತಯಾರಕರ ಬಳಿ ಹೇಳಲು ಅದಕ್ಕಿಂತ ಗಟ್ಟಿಯಾದದ್ದು ಇಲ್ಲವೆಂದು ತಿಳಿಯುವುದು ಕ್ಷೇಮ.

ದೊಡ್ಡ ಪ್ರಯೋಗಗಳು ಕಂಡುಕೊಂಡದ್ದು

ಹಣ್ಣು, ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಹೃದ್ರೋಗ ಮತ್ತು ಕೆಲವು ಕ್ಯಾನ್ಸರ್‌ಗಳು ಕಡಿಮೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಅದರಿಂದ, ಆ ಆಹಾರಗಳಲ್ಲಿರುವ ಒಂದು ವಸ್ತುವನ್ನು ಬೇರ್ಪಡಿಸಿ ಮಾತ್ರೆಯಾಗಿ ಕೊಟ್ಟರೂ ಅದೇ ಫಲ ಸಿಗುತ್ತದೆ ಎಂಬ ಊಹೆ ಬೆಳೆಯಿತು. ಈ ಊಹೆಯನ್ನು ಅತ್ಯಂತ ಗಂಭೀರವಾಗಿ ಪರೀಕ್ಷಿಸಿದ್ದು ಫಿನ್ಲೆಂಡಿನಲ್ಲಿ. ಅಲ್ಲಿ 50ರಿಂದ 69 ವರ್ಷ ವಯಸ್ಸಿನ 29,133 ಪುರುಷ ಧೂಮಪಾನಿಗಳಿಗೆ ಹಲವು ವರ್ಷಗಳ ಕಾಲ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, 50 ಮಿಲಿಗ್ರಾಂ ವಿಟಮಿನ್ ಇ, ಎರಡೂ ಸೇರಿದ ಮಾತ್ರೆ ಅಥವಾ ಸತ್ವವಿಲ್ಲದ ಮಾತ್ರೆಯನ್ನು ಕೊಡಲಾಯಿತು. 1994ರಲ್ಲಿ ಫಲಿತಾಂಶ ಪ್ರಕಟವಾದಾಗ, ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಇದೇ ಅಧ್ಯಯನದಲ್ಲಿ, ಪ್ರಯೋಗ ಆರಂಭವಾಗುವ ಮೊದಲೇ ಆಹಾರದಿಂದ ಹೆಚ್ಚು ಬೀಟಾ ಕ್ಯಾರೊಟಿನ್ ಪಡೆಯುತ್ತಿದ್ದವರಲ್ಲಿ ಈ ಕ್ಯಾನ್ಸರ್ ಕಡಿಮೆ ಇತ್ತು ಎಂಬುದನ್ನು ಗಮನಿಸಬೇಕು. ಆಹಾರದಲ್ಲಿ ಒಳಿತಿನ ಜೊತೆಗೆ ಕಂಡುಬಂದ ವಸ್ತು ಮಾತ್ರೆಯಾದಾಗ ಆ ಒಳಿತನ್ನು ಕೊಡಲಿಲ್ಲ.

ಇದು ಆಕಸ್ಮಿಕವೆಂದು ತಳ್ಳಿಹಾಕಲು ಎರಡನೆಯ ಪ್ರಯೋಗ ಅವಕಾಶ ಕೊಡಲಿಲ್ಲ. ಅಮೆರಿಕದಲ್ಲಿ ಧೂಮಪಾನಿಗಳು, ಧೂಮಪಾನ ಬಿಟ್ಟವರು ಮತ್ತು ಕಲ್ನಾರಿನ ಧೂಳಿಗೆ ಒಡ್ಡಿಕೊಂಡ ಕಾರ್ಮಿಕರು ಸೇರಿ 18,314 ಜನರಿಗೆ ಬೀಟಾ ಕ್ಯಾರೊಟಿನ್ ಜೊತೆಗೆ ವಿಟಮಿನ್ ಎ ಕೊಡುತ್ತಿದ್ದ ಕ್ಯಾರೆಟ್ ಹೆಸರಿನ ಪ್ರಯೋಗವನ್ನು, ಪೂರಕ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು ಮತ್ತು ಒಟ್ಟು ಸಾವುಗಳು ಶೇ. 17ರಷ್ಟು ಹೆಚ್ಚಾಗಿದ್ದುದರಿಂದ, 1996ರ ಜನವರಿಯಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದೇ ವರ್ಷ ಪ್ರಕಟವಾದ, 22,071 ಪುರುಷ ವೈದ್ಯರು ಭಾಗವಹಿಸಿದ್ದ ಮತ್ತೊಂದು ಅಧ್ಯಯನದಲ್ಲಿ ಸುಮಾರು 12 ವರ್ಷಗಳ ಬೀಟಾ ಕ್ಯಾರೊಟಿನ್ ಸೇವನೆಯಿಂದ ಲಾಭವೂ ಕಾಣಲಿಲ್ಲ, ಹಾನಿಯೂ ಕಾಣಲಿಲ್ಲ. ಅವರಲ್ಲಿ ಧೂಮಪಾನಿಗಳು ಕಡಿಮೆ ಇದ್ದರು. ಅಂದರೆ ಒಂದೇ ವಸ್ತು ಒಬ್ಬರಿಗೆ ನಿರುಪಯುಕ್ತ, ಇನ್ನೊಬ್ಬರಿಗೆ ಅಪಾಯಕಾರಿ. ಈ ಪ್ರಯೋಗಗಳಲ್ಲಿ ಬಳಸಿದ್ದು ಸಂಶ್ಲೇಷಿತ ಬೀಟಾ ಕ್ಯಾರೊಟಿನ್, ಗಿಡದ್ದು ಬೇರೆ ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ಗಿಡದಿಂದ ತೆಗೆದದ್ದು ಧೂಮಪಾನಿಗಳಿಗೆ ಸುರಕ್ಷಿತವೆಂದು ಇಷ್ಟೇ ದೊಡ್ಡ ಪ್ರಯೋಗದಿಂದ ತೋರಿಸಿದವರಿಲ್ಲದಿರುವಾಗ, ಆ ಸಮಜಾಯಿಷಿಯನ್ನು ಭರವಸೆಯಾಗಿ ತೆಗೆದುಕೊಳ್ಳುವುದು ಸರಿಯಲ್ಲ.

ವಿಟಮಿನ್ ಇ ಕಥೆಯೂ ಇದೇ ಜಾಡಿನದು. 35,533 ಪುರುಷರನ್ನು ಒಳಗೊಂಡ ಸೆಲೆಕ್ಟ್ ಪ್ರಯೋಗದ 2011ರ ವರದಿಯ ಪ್ರಕಾರ, ದಿನಕ್ಕೆ 400 ಅಂತರರಾಷ್ಟ್ರೀಯ ಘಟಕಗಳಷ್ಟು ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು, ಮಾತ್ರೆ ನಿಲ್ಲಿಸಿದ ಮೇಲೆಯೂ ಈ ವ್ಯತ್ಯಾಸ ಬೆಳೆದಿತ್ತು. 78 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ವೈದ್ಯಕೀಯ ಸಂಶೋಧನೆಗಳನ್ನು ವಿಮರ್ಶಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆಯು, ಆಂಟಿಆಕ್ಸಿಡೆಂಟ್ ಪೂರಕಗಳು ಆಯುಷ್ಯವನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ಆಧಾರವಿಲ್ಲವೆಂದೂ, ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ಸಾವಿನ ಪ್ರಮಾಣವನ್ನು ತುಸು ಹೆಚ್ಚಿಸುವಂತೆ ಕಾಣುತ್ತದೆ ಎಂದೂ ತೀರ್ಮಾನಿಸಿತು.

ವ್ಯಾಯಾಮ ಮಾಡುವವರು ಓದಬೇಕಾದ ಒಂದು ಸಣ್ಣ ಅಧ್ಯಯನವೂ ಇದೆ. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದಾಗ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣ ಸುಧಾರಿಸಿತು. ಆದರೆ ಜೊತೆಗೆ ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನು ತೆಗೆದುಕೊಂಡವರಲ್ಲಿ ಆ ಸುಧಾರಣೆ ಕಾಣಲಿಲ್ಲ. ವ್ಯಾಯಾಮದಿಂದ ಉಂಟಾಗುವ ಫ್ರೀ ರ್‍ಯಾಡಿಕಲ್‌ಗಳೇ ಸ್ನಾಯುಗಳಿಗೆ ಹೊಂದಿಕೊಳ್ಳುವ ಸಂಕೇತವಾಗಿದ್ದು, ಮಾತ್ರೆ ಆ ಸಂಕೇತವನ್ನು ಅಡಗಿಸಿತು ಎಂದು ಸಂಶೋಧಕರು ವಿವರಿಸಿದರು.

ಲಾಭ ಸ್ಪಷ್ಟವಾಗಿರುವ ಕಡೆ

ಎಲ್ಲವೂ ನಿರಾಶಾದಾಯಕವೇನಲ್ಲ. ವಯಸ್ಸಿನಿಂದ ಕಣ್ಣಿನ ಅಕ್ಷಿಪಟದ ಮಧ್ಯಭಾಗ ಸವೆಯುವ ಕಾಯಿಲೆಯ ಮಧ್ಯಮ ಹಂತದಲ್ಲಿರುವವರಿಗೆ, ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೊಟಿನ್, ಸತು ಮತ್ತು ತಾಮ್ರ ಸೇರಿದ ಮಿಶ್ರಣವನ್ನು ಕೊಟ್ಟಾಗ ಕಾಯಿಲೆ ತೀವ್ರ ಹಂತಕ್ಕೆ ಹೋಗುವ ಸಂಭವ ಸುಮಾರು ಶೇ. 25ರಷ್ಟು ಕಡಿಮೆಯಾಯಿತೆಂದು ಏರೆಡ್ಸ್ ಎಂಬ ಪ್ರಯೋಗ 2001ರಲ್ಲಿ ವರದಿ ಮಾಡಿತು. 2013ರಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಬೀಟಾ ಕ್ಯಾರೊಟಿನ್ ಬದಲಿಗೆ 10 ಮಿಲಿಗ್ರಾಂ ಲ್ಯೂಟೀನ್ ಮತ್ತು 2 ಮಿಲಿಗ್ರಾಂ ಝಿಯಾಕ್ಸಾಂಥಿನ್ (ಎರಡೂ ಸಸ್ಯಗಳ ಹಳದಿ ವರ್ಣದ್ರವ್ಯಗಳು) ಬಳಸಬಹುದೆಂದು ತಿಳಿದುಬಂತು. ಬೀಟಾ ಕ್ಯಾರೊಟಿನ್ ಪಡೆದವರಲ್ಲಿ, ಮುಖ್ಯವಾಗಿ ಹಿಂದೆ ಧೂಮಪಾನ ಮಾಡುತ್ತಿದ್ದವರಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಇಲ್ಲಿಯೂ ಹೆಚ್ಚು ಕಂಡುಬಂತು. ಈ ಮಿಶ್ರಣ ಕಾಯಿಲೆ ಬಾರದಂತೆ ತಡೆಯುವುದಿಲ್ಲ, ಆರೋಗ್ಯವಂತ ಕಣ್ಣಿಗೆ ಇದರಿಂದ ಲಾಭವೂ ಇಲ್ಲ. ಕಣ್ಣಿನ ವೈದ್ಯರು ಪರೀಕ್ಷಿಸಿ ಹಂತವನ್ನು ಗುರುತಿಸಿದ ಮೇಲೆ ಮಾತ್ರ ಇದು ಅರ್ಥಪೂರ್ಣ. ನನ್ನ ಅಭಿಪ್ರಾಯದಲ್ಲಿ ಪೂರಕವೊಂದು ಹೇಗೆ ಬಳಕೆಗೆ ಬರಬೇಕು ಎಂಬುದಕ್ಕೆ ಇದೇ ಮಾದರಿ: ನಿರ್ದಿಷ್ಟ ಕಾಯಿಲೆ, ನಿರ್ದಿಷ್ಟ ಹಂತ, ನಿರ್ದಿಷ್ಟ ಪ್ರಮಾಣ.

ಕೋಕೋ ಬೀಜದ ಫ್ಲೇವನಾಲ್‌ಗಳನ್ನು ದಿನಕ್ಕೆ 500 ಮಿಲಿಗ್ರಾಂ ಕೊಟ್ಟು 21,442 ಹಿರಿಯರನ್ನು ಗಮನಿಸಿದ ಕಾಸ್ಮಾಸ್ ಪ್ರಯೋಗದ 2022ರ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. ಹೃದಯ ಮತ್ತು ರಕ್ತನಾಳಗಳ ಒಟ್ಟು ಘಟನೆಗಳಲ್ಲಿ ಖಚಿತವೆನ್ನಬಹುದಾದ ಇಳಿಕೆ ಆಗಲಿಲ್ಲ. ಹೃದ್ರೋಗದಿಂದಾದ ಸಾವುಗಳು ಮಾತ್ರ ಶೇ. 27ರಷ್ಟು ಕಡಿಮೆ ಇದ್ದವು. ಎರಡನೆಯದು ಪ್ರಯೋಗದ ಮುಖ್ಯ ಪ್ರಶ್ನೆಯಾಗಿರಲಿಲ್ಲವಾದ್ದರಿಂದ ಇನ್ನೊಂದು ಪ್ರಯೋಗ ಅದನ್ನು ದೃಢಪಡಿಸುವವರೆಗೆ ಕಾಯಬೇಕು. ಮೊಣಕಾಲಿನ ಸಂಧಿ ಸವೆತದ ನೋವಿಗೆ ಕರ್ಕ್ಯುಮಿನ್ ಸ್ವಲ್ಪ ಪರಿಹಾರ ನೀಡುತ್ತದೆ ಎಂದು ಹಲವು ಸಣ್ಣ ಪ್ರಯೋಗಗಳು ಹೇಳಿವೆ; ಅವು ಅಲ್ಪಾವಧಿಯವು. ರೆಸ್ವೆರಟ್ರಾಲ್ ಬಗ್ಗೆ ಇಲಿಗಳಲ್ಲಿ ಕಂಡ ಉತ್ಸಾಹದ ಸುದ್ದಿ ಮನುಷ್ಯರಲ್ಲಿ ಈವರೆಗೆ ನಿಜವಾಗಿಲ್ಲ.

ಉದ್ದೇಶವನ್ನು ಬರೆದುಕೊಳ್ಳಿ

ಪೂರಕವನ್ನು ಕೊಳ್ಳುವ ಮೊದಲು, ಅದರಿಂದ ಯಾವ ಬದಲಾವಣೆಯನ್ನು ನಿರೀಕ್ಷಿಸುತ್ತೀರಿ ಮತ್ತು ಅದನ್ನು ಯಾವ ಅಳತೆಯಿಂದ ಗುರುತಿಸುತ್ತೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. ‘ಮೊಣಕಾಲಿನ ನೋವು ಮೂರು ತಿಂಗಳಲ್ಲಿ ಕಡಿಮೆಯಾಗಬೇಕು’ ಎಂಬುದು ಪರಿಶೀಲಿಸಬಹುದಾದ ಉದ್ದೇಶ. ‘ರೋಗನಿರೋಧಕ ಶಕ್ತಿ ಹೆಚ್ಚಲಿ’, ‘ವಿಷ ಹೊರಹೋಗಲಿ’, ‘ಮುಪ್ಪು ತಡವಾಗಲಿ’ ಎಂಬಂಥವು ಪರಿಶೀಲಿಸಲಾಗದ ಆಸೆಗಳು. ಇಂತಹ ಆಸೆಗಾಗಿ ಆರಂಭಿಸಿದ ಮಾತ್ರೆಯನ್ನು ನಿಲ್ಲಿಸುವ ದಿನ ಎಂದಿಗೂ ಬರುವುದಿಲ್ಲ, ಏಕೆಂದರೆ ಅದು ಸೋತಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಉದ್ದೇಶದ ಜಾಗದಲ್ಲಿ ಏನನ್ನೂ ಬರೆಯಲಾಗದಿದ್ದರೆ ಮಾತ್ರೆಯ ಅಗತ್ಯವಿಲ್ಲ. ಬಗೆ ಬಗೆಯ ಹಣ್ಣು, ತರಕಾರಿ, ಕಾಳು, ಬೀಜಗಳನ್ನು ತಿನ್ನುವುದು ಸಾಕು.

ಆಯಾಸ, ತೂಕ ಇಳಿಕೆ, ಮರೆವು ಮುಂತಾದ ಲಕ್ಷಣಗಳಿಗಾಗಿ ಪೂರಕವನ್ನು ಹುಡುಕುತ್ತಿರುವವರು ಮೊದಲು ಆ ಲಕ್ಷಣದ ಕಾರಣವನ್ನು ಪತ್ತೆ ಮಾಡಿಸಬೇಕು. ರಕ್ತಹೀನತೆಯಿಂದ ಆಯಾಸಗೊಂಡವರು ಹಸಿರು ಚಹಾದ ಸಾರವನ್ನು ತೆಗೆದುಕೊಂಡರೆ, ಅದರಲ್ಲಿರುವ ಪಾಲಿಫಿನಾಲ್‌ಗಳು ಸಸ್ಯಾಹಾರದಲ್ಲಿನ ಕಬ್ಬಿಣಕ್ಕೆ ಅಂಟಿಕೊಂಡು ಅದು ಹೀರಲ್ಪಡದಂತೆ ತಡೆಯುವುದರಿಂದ, ಮೂಲ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ.

ಯಾರು ತೆಗೆದುಕೊಳ್ಳಬಾರದು, ಯಾರು ಕೇಳಿಯೇ ತೆಗೆದುಕೊಳ್ಳಬೇಕು

ಧೂಮಪಾನಿಗಳೂ ಧೂಮಪಾನವನ್ನು ಬಿಟ್ಟವರೂ ಬೀಟಾ ಕ್ಯಾರೊಟಿನ್ ಮಾತ್ರೆಯನ್ನು ಮುಟ್ಟಬಾರದು. ಇದಕ್ಕೆ ವಿನಾಯಿತಿ ಬೇಡ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ವಿಕಿರಣ ಚಿಕಿತ್ಸೆ ಮತ್ತು ಕೆಲವು ಕೀಮೋಥೆರಪಿ ಔಷಧಿಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೇ ಫ್ರೀ ರ್‍ಯಾಡಿಕಲ್‌ಗಳ ಮೂಲಕ. ಅದೇ ಹೊತ್ತಿನಲ್ಲಿ ದೊಡ್ಡ ಪ್ರಮಾಣದ ಆಂಟಿಆಕ್ಸಿಡೆಂಟ್ ಕೊಡುವುದು ಆ ಕೋಶಗಳಿಗೂ ರಕ್ಷಣೆ ಒದಗಿಸಬಹುದೆಂಬ ಆತಂಕವಿದೆ. ಸ್ತನ ಕ್ಯಾನ್ಸರ್ ರೋಗಿಗಳ ಒಂದು ಅಧ್ಯಯನದಲ್ಲಿ, ಕೀಮೋಥೆರಪಿಯ ಮೊದಲೂ ಅದರ ನಡುವೆಯೂ ಆಂಟಿಆಕ್ಸಿಡೆಂಟ್ ಪೂರಕ ಬಳಸಿದವರಲ್ಲಿ ಕಾಯಿಲೆ ಮರುಕಳಿಸುವಿಕೆ ಹೆಚ್ಚಿರುವಂತೆ ಕಂಡಿತು. ಅದು ಮಾತ್ರೆ ಕೊಟ್ಟು ಪರೀಕ್ಷಿಸದೆ ರೋಗಿಗಳನ್ನು ಬರೀ ಗಮನಿಸಿದ ಅಧ್ಯಯನವಾದ್ದರಿಂದ ಕಾರಣವನ್ನು ಸಾಬೀತುಪಡಿಸುವುದಿಲ್ಲವಾದರೂ ಎಚ್ಚರಿಕೆಗೆ ಸಾಕು. ಇನ್ನು ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ಬಾರ್ಟೆಜೊಮಿಬ್ ಎಂಬ ಔಷಧಿಯ ವಿಷಯದಲ್ಲಿ, ಹಸಿರು ಚಹಾದ ಮುಖ್ಯ ಸತ್ವವಾದ ಇಜಿಸಿಜಿ ನೇರವಾಗಿ ಆ ಔಷಧಿಯ ಅಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಚಿಕಿತ್ಸೆ ನಡೆಯುತ್ತಿರುವಾಗ ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಯಾವುದೇ ಸಾರವನ್ನು ತೆಗೆದುಕೊಳ್ಳಬಾರದು. ಬಂಧುಗಳು ಪ್ರೀತಿಯಿಂದ ತಂದುಕೊಡುವ ಡಬ್ಬಿಗಳಿಗೂ ಈ ಮಾತು ಅನ್ವಯಿಸುತ್ತದೆ.

ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಅಥವಾ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಹೆಚ್ಚಿನ ಪ್ರಮಾಣದ ವಿಟಮಿನ್ ಇ, ಗಿಂಕೊ ಮರದ ಎಲೆಯ ಸಾರ, ಕರ್ಕ್ಯುಮಿನ್ ಮತ್ತು ರೆಸ್ವೆರಟ್ರಾಲ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಹುದು. ಇದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವಾರ ಮೊದಲೇ ಇವನ್ನು ನಿಲ್ಲಿಸಲು ಹೇಳಲಾಗುತ್ತದೆ. ಹಲ್ಲು ಕೀಳಿಸುವ ಮುನ್ನವೂ ದಂತವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡದ ಔಷಧಿಗಳಲ್ಲಿ ನಾಡೊಲಾಲ್ ಕುರಿತ ಒಂದು ಸಣ್ಣ ಪ್ರಯೋಗದಲ್ಲಿ, ದಿನಕ್ಕೆ 700 ಮಿಲಿಲೀಟರ್ ಹಸಿರು ಚಹಾ ಕುಡಿದ ಆರೋಗ್ಯವಂತರ ರಕ್ತದಲ್ಲಿ ಔಷಧಿಯ ಪ್ರಮಾಣ ಸುಮಾರು ಶೇ. 85ರಷ್ಟು ಇಳಿದಿತ್ತು. ಚಹಾ ಮಾತ್ರದಿಂದಲೇ ಇಷ್ಟಾದರೆ ಅದರ ಸಾರವನ್ನು ಹಗುರವಾಗಿ ನೋಡುವಂತಿಲ್ಲ.

ಕಾಳುಮೆಣಸಿನ ಪೈಪರಿನ್ ಸೇರಿಸಿದ ಉತ್ಪನ್ನಗಳನ್ನು ಪ್ರತ್ಯೇಕವಾಗಿ ಹೇಳಬೇಕು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಲಭ್ಯವಾಗುವ ಕರ್ಕ್ಯುಮಿನ್ ಶೇ. 2,000ದಷ್ಟು ಹೆಚ್ಚಾಯಿತೆಂಬ 1998ರ ಅಧ್ಯಯನವನ್ನು ತಯಾರಕರು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಪೈಪರಿನ್ ಹಾಗೆ ಮಾಡುವುದು ಹೊರಗಿನ ವಸ್ತುಗಳನ್ನು ವಿಲೇವಾರಿ ಮಾಡುವ ಯಕೃತ್ತು ಮತ್ತು ಕರುಳಿನ ಕಿಣ್ವಗಳನ್ನು ತಡೆದು. ಆ ಕಿಣ್ವಗಳು ಕರ್ಕ್ಯುಮಿನ್‌ಗೆ ಮಾತ್ರ ಮೀಸಲಾದವಲ್ಲ. ಅಪಸ್ಮಾರದ ಫೆನಿಟಾಯಿನ್, ಉಬ್ಬಸದ ಥಿಯೊಫಿಲಿನ್, ಹೃದಯದ ಪ್ರೊಪ್ರನೊಲಾಲ್ ಮುಂತಾದ ಔಷಧಿಗಳ ಮಟ್ಟವನ್ನೂ ಪೈಪರಿನ್ ಏರಿಸಬಲ್ಲದು. ಪ್ರತಿದಿನ ಬೇರೆ ಔಷಧಿ ತೆಗೆದುಕೊಳ್ಳುವವರು ಪೈಪರಿನ್ ಸೇರಿದ ಪೂರಕವನ್ನು ಬಿಡುವುದೇ ಲೇಸು.

ಯಕೃತ್ತಿನ ಕಾಯಿಲೆ ಇರುವವರು ಹಸಿರು ಚಹಾ ಮತ್ತು ಅರಿಶಿನದ ಸಾರಗಳಿಂದ ದೂರವಿರಬೇಕು. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಕರ್ಕ್ಯುಮಿನ್ ನೋವು ತರಿಸಬಹುದು, ಏಕೆಂದರೆ ಅದು ಪಿತ್ತಕೋಶವನ್ನು ಸಂಕುಚಿಸುವಂತೆ ಮಾಡುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದವರು ಹೆಚ್ಚಿನ ವಿಟಮಿನ್ ಸಿ ಮಾತ್ರೆಗಳ ವಿಷಯದಲ್ಲಿಯೂ ಅರಿಶಿನದ ಪುಡಿ ತುಂಬಿದ ಕ್ಯಾಪ್ಸೂಲ್‌ಗಳ ವಿಷಯದಲ್ಲಿಯೂ ಜಾಗ್ರತೆ ವಹಿಸಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಮಕ್ಕಳ ಮೇಲೆ ಈ ಸಾರಗಳನ್ನು ಸರಿಯಾಗಿ ಪರೀಕ್ಷಿಸಲಾಗಿಲ್ಲವಾದ್ದರಿಂದ ಅವರಿಗೆ ಇವು ಬೇಡ.

ಡಬ್ಬಿಯ ಮೇಲಿನ ಬರಹವನ್ನು ಓದುವುದು

ಹೆಚ್ಚಿನ ದೇಶಗಳಲ್ಲಿ ಪೂರಕಗಳು ಔಷಧಿಯ ಬದಲು ಆಹಾರದ ನಿಯಮಗಳಡಿ ಬರುತ್ತವೆ. ಉದಾಹರಣೆಗೆ ಅಮೆರಿಕದ 1994ರ ಕಾಯ್ದೆಯ ಪ್ರಕಾರ, ಪೂರಕವು ಪರಿಣಾಮಕಾರಿ ಎಂದು ಮಾರಾಟಕ್ಕೆ ಮುನ್ನ ಸರ್ಕಾರಕ್ಕೆ ಸಾಬೀತುಪಡಿಸುವ ಅಗತ್ಯವಿಲ್ಲ. ಹೀಗಿರುವಾಗ ಬರಹವನ್ನು ಪರಿಶೀಲಿಸುವ ಹೊಣೆ ಬಹುಪಾಲು ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಪಟ್ಟಿಯನ್ನು ಓದಬೇಕು. ಸಾರದ ಒಟ್ಟು ತೂಕ ಒಂದು, ಅದರಲ್ಲಿರುವ ಸಕ್ರಿಯ ವಸ್ತುವಿನ ತೂಕ ಇನ್ನೊಂದು. ‘ಅರಿಶಿನದ ಸಾರ 500 ಮಿಲಿಗ್ರಾಂ, ಶೇ. 95 ಕರ್ಕ್ಯುಮಿನಾಯ್ಡ್’ (ಕರ್ಕ್ಯುಮಿನ್ ಮತ್ತು ಅದರ ಬಳಗದ ವಸ್ತುಗಳು) ಎಂದಿದ್ದರೆ ಒಂದು ಕ್ಯಾಪ್ಸೂಲಿನಲ್ಲಿ 475 ಮಿಲಿಗ್ರಾಂ ಸಕ್ರಿಯ ವಸ್ತುವಿದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ತೂಕದ ಸುಮಾರು ಶೇ. 3 ಮಾತ್ರ ಇರುವುದರಿಂದ, ಆ ಒಂದು ಕ್ಯಾಪ್ಸೂಲು ಸುಮಾರು 16 ಗ್ರಾಂ ಪುಡಿಗೆ ಸಮ. ಆಹಾರದ ಬಣ್ಣವಾಗಿ ಜೀವನಪರ್ಯಂತ ಸೇವಿಸಬಹುದಾದ ಕರ್ಕ್ಯುಮಿನ್‌ನ ಮಿತಿಯನ್ನು ಅಂತರರಾಷ್ಟ್ರೀಯ ತಜ್ಞರ ಸಮಿತಿ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 3 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ. 60 ಕಿಲೋಗ್ರಾಂ ತೂಕದವರಿಗೆ ಅದು 180 ಮಿಲಿಗ್ರಾಂ ಆಗುತ್ತದೆ. ಮಿತಿ ಮೀರಿದ ಕೂಡಲೇ ಕಾಯಿಲೆ ಬೀಳುತ್ತಾರೆ ಎಂದು ಇದರ ಅರ್ಥವಲ್ಲ. ಆದರೆ ಅಡುಗೆಯಲ್ಲಿ ಬಹುಕಾಲದಿಂದ ಬಳಸುತ್ತಿರುವ ಪದಾರ್ಥ ತಾನೇ ಎಂಬ ಸಮಾಧಾನ ಕ್ಯಾಪ್ಸೂಲಿಗೆ ಏಕೆ ಹೊಂದುವುದಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

‘10:1 ಸಾರ’ ಎಂಬ ಬರಹ ಹತ್ತು ಪಾಲು ಗಿಡದಿಂದ ಒಂದು ಪಾಲು ಸಾರ ತೆಗೆಯಲಾಗಿದೆ ಎಂದಷ್ಟೇ ಹೇಳುತ್ತದೆ. ಸಕ್ರಿಯ ವಸ್ತು ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಹಲವು ಗಿಡಗಳ ಹೆಸರು ಬರೆದು ಒಟ್ಟು ತೂಕವನ್ನು ಮಾತ್ರ ಕೊಟ್ಟು, ‘ನಮ್ಮ ವಿಶೇಷ ಮಿಶ್ರಣ’ ಎಂದು ಪ್ರತಿಯೊಂದರ ಪ್ರಮಾಣವನ್ನು ಮರೆಮಾಚಿದ ಡಬ್ಬಿಯನ್ನು ಹಾಗೆಯೇ ಕೆಳಗಿಡಬೇಕು. ಪ್ರಮಾಣ ತಿಳಿಯದ ವಸ್ತುವಿನ ಅಪಾಯವನ್ನು ವೈದ್ಯರು ಸಹ ಅಂದಾಜು ಮಾಡಲಾರರು. ವಿಟಮಿನ್ ಇ ಪ್ರಮಾಣವನ್ನು ಅಂತರರಾಷ್ಟ್ರೀಯ ಘಟಕಗಳಲ್ಲಿ ಬರೆದಿದ್ದರೆ, ಗಿಡಮೂಲದ ರೂಪದಲ್ಲಿ ಒಂದು ಘಟಕವೆಂದರೆ 0.67 ಮಿಲಿಗ್ರಾಂ ಎಂದು ಲೆಕ್ಕ ಹಾಕಬಹುದು. 400 ಘಟಕಗಳು ಸುಮಾರು 268 ಮಿಲಿಗ್ರಾಂ ಆಗುತ್ತವೆ.

ಶುದ್ಧತೆಯ ಪ್ರಶ್ನೆ ಬೇರೆಯೇ ಇದೆ. ಬಣ್ಣ ಗಾಢವಾಗಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳು ಪತ್ತೆಯಾಗಿವೆ. ಯುಎಸ್‌ಪಿ, ಎನ್‌ಎಸ್‌ಎಫ್‌ನಂತಹ ಸ್ವತಂತ್ರ ಪರೀಕ್ಷಾ ಸಂಸ್ಥೆಗಳ ಮುದ್ರೆ ಇದ್ದರೆ, ಬರೆದ ವಸ್ತು ಬರೆದಷ್ಟು ಪ್ರಮಾಣದಲ್ಲಿ ಇದೆ ಮತ್ತು ಭಾರಲೋಹಗಳು ಮಿತಿಯೊಳಗಿವೆ ಎಂಬ ಭರವಸೆ ಸಿಗುತ್ತದೆ. ಆ ಮುದ್ರೆ ಪೂರಕವು ಕೆಲಸ ಮಾಡುತ್ತದೆ ಎಂದು ಹೇಳುವುದಿಲ್ಲ. ‘ನೈಸರ್ಗಿಕ’ ಎಂಬ ಪದ ಎರಡನ್ನೂ ಹೇಳುವುದಿಲ್ಲ.

ತೆಗೆದುಕೊಳ್ಳುವುದೆಂದು ನಿರ್ಧರಿಸಿದ ಮೇಲೆ

ಒಂದು ಬಾರಿಗೆ ಒಂದೇ ಪೂರಕವನ್ನು ಆರಂಭಿಸಬೇಕು. ಎರಡು ಮೂರನ್ನು ಒಟ್ಟಿಗೆ ತೆಗೆದುಕೊಂಡರೆ, ತೊಂದರೆಯಾದಾಗ ಯಾವುದರಿಂದ ಆಯಿತೆಂದೂ ಲಾಭವಾದಾಗ ಯಾವುದನ್ನು ಮುಂದುವರಿಸಬೇಕೆಂದೂ ತಿಳಿಯುವುದಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿ, ಜೀವಸತ್ವದ ಮಾತ್ರೆ, ಪ್ರೋಟೀನ್ ಪುಡಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೂ ಔಷಧಿ ಅಂಗಡಿಯವರಿಗೂ ತೋರಿಸುವುದು ಒಳ್ಳೆಯದು. ಒಂದೇ ಸತ್ವ ಎರಡು ಡಬ್ಬಿಗಳಲ್ಲಿ ಅಡಗಿರುವುದು ಸಾಮಾನ್ಯ. ಹಸಿರು ಚಹಾ ಅಥವಾ ಅರಿಶಿನದ ಸಾರವನ್ನು ಕೆಲವು ವಾರಗಳಿಗಿಂತ ಹೆಚ್ಚು ಕಾಲ ಬಳಸುವ ಉದ್ದೇಶವಿದ್ದರೆ, ಆರಂಭಕ್ಕೆ ಮುನ್ನವೇ ಯಕೃತ್ತಿನ ಕಿಣ್ವಗಳ ರಕ್ತಪರೀಕ್ಷೆ ಮಾಡಿಸಿಟ್ಟುಕೊಳ್ಳಬೇಕು. ಮುಂದೆ ಏರುಪೇರಾದರೆ ಹೋಲಿಸಲು ಆ ಅಂಕಿಗಳು ಬೇಕಾಗುತ್ತವೆ.

ಹಸಿರು ಚಹಾದ ಸಾರವನ್ನು ಎಂದಿಗೂ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ಹಾಗೆ ಮಾಡಿದಾಗ ಇಜಿಸಿಜಿ ಬಹಳ ಹೆಚ್ಚು ಹೀರಲ್ಪಟ್ಟು ಯಕೃತ್ತಿನ ಮೇಲಿನ ಹೊರೆ ಏರುತ್ತದೆ. ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರುವುದನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿತು. 2022ರಿಂದ ಐರೋಪ್ಯ ಒಕ್ಕೂಟದಲ್ಲಿ ದಿನದ ಪ್ರಮಾಣ ಆ ಮಟ್ಟಕ್ಕಿಂತ ಕೆಳಗಿರಬೇಕೆಂಬ ನಿಯಮವಿದೆ. ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿಯೂ ಅಪರೂಪಕ್ಕೆ ಹಾನಿಯಾಗಿರುವುದರಿಂದ ಈ ಅಂಕಿಯನ್ನು ಸುರಕ್ಷತೆಯ ಗೆರೆಯೆಂದು ಭಾವಿಸಬಾರದು. ಸಾಮಾನ್ಯ ರೀತಿಯಲ್ಲಿ ಕುದಿಸಿ ಸೋಸಿ ಕುಡಿಯುವ ಹಸಿರು ಚಹಾಕ್ಕೆ ಈ ಆತಂಕ ಅನ್ವಯಿಸುವುದಿಲ್ಲ.

ಲ್ಯೂಟೀನ್, ಲೈಕೊಪೀನ್, ಕರ್ಕ್ಯುಮಿನ್ ಕೊಬ್ಬಿನಲ್ಲಿ ಕರಗುವಂಥವು. ಸ್ವಲ್ಪ ಜಿಡ್ಡಿನಂಶವಿರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಲ್ಪಡುತ್ತವೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಪಾಲಿಫಿನಾಲ್ ಸಾರಗಳಿಗೂ ಅದಕ್ಕೂ ನಡುವೆ ಒಂದೆರಡು ಗಂಟೆಯಾದರೂ ಅಂತರ ಇಡಬೇಕು.

ಆರಂಭಿಸಿದ ದಿನವೇ ನಿಲ್ಲಿಸುವ ದಿನವನ್ನೂ ಗುರುತು ಮಾಡಿಕೊಳ್ಳಬೇಕು. ಎಂಟರಿಂದ ಹನ್ನೆರಡು ವಾರ ಕಳೆದ ಮೇಲೆ, ಮೊದಲು ಬರೆದುಕೊಂಡ ಉದ್ದೇಶದ ವಾಕ್ಯವನ್ನು ತೆಗೆದು ನೋಡಿ, ಬದಲಾವಣೆ ಕಾಣದಿದ್ದರೆ ನಿಲ್ಲಿಸುವುದು ಸರಿ. ಪ್ರಮಾಣವನ್ನು ದುಪ್ಪಟ್ಟು ಮಾಡಿ ಇನ್ನೊಂದು ಸುತ್ತು ನೋಡುವ ಮನಸ್ಸಾಗುತ್ತದೆ. ಹಾನಿಯ ವರದಿಗಳಲ್ಲಿ ಹೆಚ್ಚಿನವು ದೊಡ್ಡ ಪ್ರಮಾಣದ ಮತ್ತು ಸಾಂದ್ರೀಕೃತ ರೂಪದ ಬಳಕೆಯಿಂದ ಬಂದಿವೆ ಎಂಬುದನ್ನು ಆಗ ನೆನೆಯಬೇಕು.

ಅಪಾಯದ ಲಕ್ಷಣ ಕಂಡಾಗ

ಕಣ್ಣು ಅಥವಾ ಚರ್ಮ ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮೈಯೆಲ್ಲ ತುರಿಕೆ, ಹೊಟ್ಟೆಯ ಬಲಭಾಗದ ಮೇಲ್ಗಡೆ ನೋವು, ವಾಕರಿಕೆ, ಹಸಿವಿಲ್ಲದಿರುವುದು, ಕಾರಣವಿಲ್ಲದ ಸುಸ್ತು: ಇವುಗಳಲ್ಲಿ ಯಾವುದು ಕಂಡರೂ ಪೂರಕವನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಾರಗಳಿಂದಾಗುವ ಯಕೃತ್ತಿನ ಹಾನಿ ಸಾಮಾನ್ಯವಾಗಿ ಆರಂಭಿಸಿದ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಕಾಣಿಸಿಕೊಳ್ಳುತ್ತದೆ. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಯಕೃತ್ತಿನ ಕಸಿ ಬೇಕಾದ ಪ್ರಕರಣಗಳೂ ಸಾವುಗಳೂ ವರದಿಯಾಗಿವೆ. ಹಸಿರು ಚಹಾ ಮತ್ತು ಅರಿಶಿನ ಎರಡರ ಸಾರದಿಂದ ಹೀಗೆ ಹಾನಿಗೊಂಡವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ವಂಶವಾಹಿ ರೂಪ ಹೆಚ್ಚಾಗಿ ಕಂಡುಬಂದಿದೆ. ಇದರರ್ಥ, ಪಕ್ಕದವರಿಗೆ ಒಗ್ಗಿದ ಮಾತ್ರೆ ನಮಗೂ ಒಗ್ಗುತ್ತದೆ ಎಂದು ಹೇಳಲು ಬಾರದು. ಸೂಕ್ಷ್ಮತೆ ಹುಟ್ಟಿನಿಂದಲೇ ಬಂದಿರಬಹುದು. ವಸಡು ಅಥವಾ ಮೂಗಿನಿಂದ ರಕ್ತ, ಸಣ್ಣ ಪೆಟ್ಟಿಗೂ ಮೂಡುವ ನೀಲಿ ಕಲೆ, ಕಪ್ಪು ಮಲ ಇವು ರಕ್ತಸ್ರಾವದ ಸೂಚನೆಗಳು, ಇವುಗಳಿಗೂ ತಡಮಾಡಬಾರದು.

ವೈದ್ಯರ ಬಳಿಗೆ ಹೋಗುವಾಗ ಡಬ್ಬಿಯನ್ನೇ ಕೊಂಡೊಯ್ಯಬೇಕು. ‘ಏನೂ ಔಷಧಿ ತೆಗೆದುಕೊಳ್ಳುತ್ತಿಲ್ಲ’ ಎಂದು ಹೇಳುವ ಹಲವರು ಪೂರಕವನ್ನು ಔಷಧಿಯ ಲೆಕ್ಕಕ್ಕೇ ತಂದಿರುವುದಿಲ್ಲ, ಹೀಗಾಗಿ ಕಾಮಾಲೆಯ ಕಾರಣವನ್ನು ವಾರಗಟ್ಟಲೆ ಬೇರೆಡೆ ಹುಡುಕಲಾಗುತ್ತದೆ. ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಸೆಯದೆ, ತಯಾರಿಕೆಯ ಬ್ಯಾಚ್ ಸಂಖ್ಯೆ ಇರುವ ಲೇಬಲ್ಲನ್ನೂ ಕೀಳದೆ ಇಟ್ಟುಕೊಂಡರೆ ಅಗತ್ಯ ಬಿದ್ದಾಗ ಪರೀಕ್ಷೆಗೆ ಕಳುಹಿಸಬಹುದು; ಔಷಧಿಗಳ ಅಡ್ಡಪರಿಣಾಮವನ್ನು ದಾಖಲಿಸುವ ಸರ್ಕಾರಿ ವ್ಯವಸ್ಥೆಗೆ ವೈದ್ಯರ ಮೂಲಕ ವರದಿ ಮಾಡುವುದಕ್ಕೂ ಆ ಸಂಖ್ಯೆ ಬೇಕಾಗುತ್ತದೆ. ರಕ್ತಪರೀಕ್ಷೆ ಸಹಜ ಸ್ಥಿತಿಗೆ ಮರಳಿದ ಮೇಲೆ, ನಿಜವಾಗಿಯೂ ಅದರಿಂದಲೇ ತೊಂದರೆಯಾಗಿತ್ತೇ ಎಂದು ತಿಳಿಯಲು ಅದೇ ಮಾತ್ರೆಯನ್ನಾಗಲಿ ಅದೇ ಸಾರವಿರುವ ಬೇರೆ ಡಬ್ಬಿಯದನ್ನಾಗಲಿ ಮತ್ತೆ ತೆಗೆದುಕೊಳ್ಳಬಾರದು. ಎರಡನೆಯ ಸಲದ ಹಾನಿ ಮೊದಲಿಗಿಂತ ಬೇಗನೆ ಬರಬಹುದು ಮತ್ತು ಹೆಚ್ಚು ತೀವ್ರವಾಗಿರಬಹುದು.